ಗೊದಮೊಟ್ಟೆ, ಮಿಂಚುಹುಳು ಮತ್ತು ಅಮಲು

ಮದ್ಯ ಮನುಷ್ಯನನ್ನು ಹೇಗೆ ಮತ್ತನಾಗಿಸುತ್ತದೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಅಂಚಿನಲ್ಲಿ ದೊರೆತ ಉತ್ತರ ಬಹಳ ಅಚ್ಚುಕಟ್ಟಾಗಿತ್ತು. 1899ರಲ್ಲಿ ಜರ್ಮನಿಯ ಮಾರ್ಬುರ್ಗ್‌ನ ಹ್ಯಾನ್ಸ್ ಹೋರ್ಸ್ಟ್ ಮೇಯರ್, 1901ರಲ್ಲಿ ಜ್ಯೂರಿಕ್‌ನಲ್ಲಿ ದುಡಿದಿದ್ದ ಇಂಗ್ಲಿಷ್ ಮೂಲದ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್, ಇಬ್ಬರೂ ಸ್ವತಂತ್ರವಾಗಿ ಒಂದೇ ನಿಯಮವನ್ನು ಪ್ರಕಟಿಸಿದರು. ಗೊದಮೊಟ್ಟೆಗಳನ್ನು ಬಗೆಬಗೆಯ ದ್ರಾವಣಗಳಲ್ಲಿ ಬಿಟ್ಟು, ಎಷ್ಟು ಸಾಂದ್ರತೆಗೆ ಅವುಗಳ ಈಜು ನಿಲ್ಲುತ್ತದೆ ಎಂದು ನೋಡುವುದು ಅವರ ಕ್ರಮ. ಎಣ್ಣೆಯಲ್ಲಿ ಹೆಚ್ಚು ಕರಗುವ ವಸ್ತುವಿಗೆ ಅಮಲಿನ ಬಲವೂ ಹೆಚ್ಚು ಎಂಬುದು ಅವರು ಕಂಡ ಸತ್ಯ. ಕೋಶದ ಪೊರೆ ಕೊಬ್ಬಿನಿಂದಾದದ್ದು. ಆದ್ದರಿಂದ ಮದ್ಯ ಆ ಕೊಬ್ಬಿನಲ್ಲಿ ಕರಗಿ ಪೊರೆಯನ್ನು ಸಡಿಲಗೊಳಿಸುತ್ತದೆ, ಅದೇ ಅಮಲು ಎಂದು ಮುಂದಿನವರು ವಿವರಿಸಿದರು.

ಈ ವಿವರಣೆ ಹೆಚ್ಚುಕಡಿಮೆ ಎಂಬತ್ತು ವರ್ಷ ಆಳಿತು. ನಕ್ಷೆಯ ಮೇಲೆ ಚುಕ್ಕೆಗಳು ಒಂದೇ ಗೆರೆಯಲ್ಲಿ ಬಂದು ನಿಂತರೆ ಅದನ್ನು ಸಂಶಯಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೂ ಎರಡು ತೊಡಕುಗಳು ಉಳಿದಿದ್ದವು. ಆಲ್ಕೋಹಾಲಿನ ಇಂಗಾಲದ ಸರಪಳಿ ಉದ್ದವಾದಂತೆ ಅದರ ಬಲ ಹೆಚ್ಚುತ್ತದೆ ಸರಿ. ಆದರೆ ಹದಿಮೂರರ ಸುಮಾರಿಗೆ ಬಲ ಥಟ್ಟನೆ ಇಲ್ಲವಾಗುತ್ತದೆ, ಎಣ್ಣೆಯಲ್ಲಿ ಕರಗುವ ಗುಣ ಮಾತ್ರ ಏರುತ್ತಲೇ ಇರುತ್ತದೆ. ಇನ್ನೊಂದು ಇದಕ್ಕಿಂತ ಸ್ವಾರಸ್ಯದ್ದು. ಕುಡಿದವನ ರಕ್ತದಲ್ಲಿರುವಷ್ಟು ಮದ್ಯ ಪೊರೆಯಲ್ಲಿ ಉಂಟುಮಾಡುವ ಸಡಿಲಿಕೆಯನ್ನು ಮೈಶಾಖದ ಅಲ್ಪ ಏರಿಕೆಯೂ ಮಾಡಬಲ್ಲುದು. ಸಿದ್ಧಾಂತ ನಿಜವಾಗಿದ್ದರೆ ಜ್ವರ ಬಂದವರೆಲ್ಲ ತೂರಾಡಬೇಕಿತ್ತು!

ಈ ನಡುವೆ ನರವಿಜ್ಞಾನ ಬೇರೆ ದಾರಿಯಲ್ಲಿ ಮುಂದುವರಿದಿತ್ತು. 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿ, ನರದ ಸಂಕೇತವೆಂದರೆ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಪೊರೆಯನ್ನು ದಾಟುವ ಕ್ರಿಯೆ ಎಂದು ತೋರಿಸಿದರು. ಅಯಾನುಗಳು ದಾಟುವ ದಾರಿಯೇ ಅಯಾನ್ ಚಾನೆಲ್: ಪೊರೆಯಲ್ಲಿ ಹೂತ, ತೆರೆದು ಮುಚ್ಚುವ ಪ್ರೋಟೀನಿನ ತೂಬು. 1976ರಲ್ಲಿ ನೇಹರ್ ಮತ್ತು ಸಾಕ್‌ಮನ್ ಒಂದೇ ಒಂದು ತೂಬಿನಲ್ಲಿ ಹರಿಯುವ ವಿದ್ಯುತ್ತನ್ನು ಅಳೆದರು.

1984ರಲ್ಲಿ ಲಂಡನ್ನಿನ ಫ್ರಾಂಕ್ಸ್ ಮತ್ತು ಲೀಬ್ ಮಿಂಚುಹುಳುವಿನ ಬೆಳಕಿಗೆ ಕಾರಣವಾದ ಲೂಸಿಫರೇಸ್ ಎಂಬ ಪ್ರೋಟೀನನ್ನು ಶುದ್ಧಗೊಳಿಸಿ, ಅದಕ್ಕೆ ಅರಿವಳಿಕೆ ಮದ್ದುಗಳನ್ನೂ ಆಲ್ಕೋಹಾಲುಗಳನ್ನೂ ಬೆರೆಸಿದರು. ಬೆಳಕು ಮಂಕಾಯಿತು. ಯಾವ ವಸ್ತು ಪ್ರಾಣಿಯನ್ನು ಎಷ್ಟು ಬಲವಾಗಿ ಮಂಪರಿಗೆ ತಳ್ಳುವುದೋ ಅದೇ ಅನುಪಾತದಲ್ಲಿ ಬೆಳಕೂ ಕುಗ್ಗಿತು. ಪಾತ್ರೆಯಲ್ಲಿ ಕೊಬ್ಬಿನ ಹನಿಯೂ ಇರಲಿಲ್ಲ. ಹಳೆಯ ನಿಯಮದ ಗೆರೆ ಸುಳ್ಳಾಗಲಿಲ್ಲ. ಪ್ರೋಟೀನಿನ ಒಳಗೂ ಎಣ್ಣೆಯಂಥ ಪುಟ್ಟ ಪೊಟರೆಗಳಿರುತ್ತವೆ ಎಂಬುದನ್ನು ಮೇಯರ್ ಕಾಲದವರು ಊಹಿಸುವಂತಿರಲಿಲ್ಲ.

ಅನಂತರ ಹುಡುಕಾಟ ಮಿದುಳಿನ ತೂಬುಗಳತ್ತ ತಿರುಗಿತು. 1989ರಲ್ಲಿ ಲವಿಂಜರ್, ವೈಟ್ ಮತ್ತು ವೇಟ್, ನರಕೋಶವನ್ನು ಚುರುಕುಗೊಳಿಸುವ ಎನ್‌ಎಂಡಿಎ ಎಂಬ ಚಾನೆಲನ್ನು ಮದ್ಯ ಅದುಮುತ್ತದೆಂದು ತೋರಿಸಿದರು. ಅವರು ಬಳಸಿದ್ದು ಲೀಟರಿಗೆ 5ರಿಂದ 50 ಮಿಲಿಮೋಲ್. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ವಿಧಿಸಿರುವ ಮಿತಿ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಈ ಲೆಕ್ಕದಲ್ಲಿ ಸುಮಾರು ಆರೂವರೆ ಮಿಲಿಮೋಲ್. 1997ರಲ್ಲಿ ಮಿಹಿಕ್ ಮತ್ತು ಸಂಗಡಿಗರು, ನರಕೋಶವನ್ನು ತಣಿಸುವ ಗಾಬಾ ಮತ್ತು ಗ್ಲೈಸಿನ್ ಚಾನೆಲುಗಳಲ್ಲಿ ಎರಡು ನಿರ್ದಿಷ್ಟ ಅಮೈನೋ ಆಮ್ಲಗಳನ್ನು ಗುರುತಿಸಿದರು. ಅವನ್ನು ಬದಲಿಸಿದರೆ ಮದ್ಯದ ಪ್ರಭಾವ ಅಳಿಯುತ್ತಿತ್ತು. ಅಲ್ಪ ಪ್ರಮಾಣದ ಮದ್ಯಕ್ಕೆ ಯಾವ ತೂಬು ಮೊದಲು ಮಣಿಯುತ್ತದೆ ಎಂಬ ಜಗಳ ಈಗಲೂ ಮುಗಿದಿಲ್ಲ.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುಳಿರುವುದು ಅಮಲಿನಲ್ಲಲ್ಲ, ಅಮಲು ಇಳಿಯುವುದರಲ್ಲಿ. ಬಹುಕಾಲ ಕುಡಿದವನು ಥಟ್ಟನೆ ಬಿಟ್ಟಾಗ ಬರುವ ನಡುಕ, ಸೆಳೆತ, ಸನ್ನಿಗಳಿಗೆ ಪೌಷ್ಟಿಕಾಂಶದ ಕೊರತೆ ಕಾರಣವೆಂದು ವೈದ್ಯರಲ್ಲಿ ಅನೇಕರು ನಂಬಿದ್ದರು. 1955ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಹೋದ್ಯೋಗಿಗಳು ಹತ್ತು ಜನರಿಗೆ, ಒಳ್ಳೆಯ ಊಟ ಮತ್ತು ವಿಟಮಿನ್‌ಗಳ ಜೊತೆಗೆ, ವಾರಗಟ್ಟಲೆ ಮದ್ಯ ಕುಡಿಸಿ ಒಮ್ಮೆಲೇ ನಿಲ್ಲಿಸಿದರು. ಏಳು ವಾರ ದಾಟಿ ಕುಡಿದವರಲ್ಲಿ ಕೆಲವರಿಗೆ ಸೆಳೆತ ಬಂತು, ಕೆಲವರಿಗೆ ಸನ್ನಿ ಹಿಡಿಯಿತು. ಆ ಹತ್ತು ಮಂದಿ ಹಿಂದೆ ಮಾರ್ಫಿನ್ ವ್ಯಸನಿಗಳಾಗಿದ್ದ ಕೈದಿಗಳು. ಕೈದಿಯ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಇಂದು ಅಂಥ ಪ್ರಯೋಗಕ್ಕೆ ಅನುಮತಿ ಸಿಗಲಾರದು, ಸಿಗಲೂಬಾರದು. ಆದರೆ ಮದ್ಯದ ಅಭಾವವೇ ರೋಗವಾಗಬಲ್ಲುದೆಂಬುದು ಅವರ ಯಾತನೆಯಿಂದ ಸ್ಥಾಪಿತವಾಯಿತು.

ಏಕೆ ಎಂಬುದನ್ನು ಚಾನೆಲುಗಳು ಹೇಳಿದವು. ದಿನವೂ ಅದುಮಿಸಿಕೊಂಡ ಮಿದುಳು ಎನ್‌ಎಂಡಿಎಯನ್ನು ಹೆಚ್ಚಿಸಿಕೊಂಡು, ಗಾಬಾದ ಸ್ಪಂದನವನ್ನು ತಗ್ಗಿಸಿಕೊಂಡು ಸಮತೋಲ ಕಾಯುತ್ತದೆ. ಮದ್ಯ ಹೋದ ದಿನ ಆ ಹೊಂದಾಣಿಕೆ ಮಾತ್ರ ಉಳಿದು ನರಕೋಶಗಳು ಕೆರಳುತ್ತವೆ. “ಮನಸ್ಸು ಮಾಡಿದರೆ ಇವತ್ತೇ ಬಿಡಬಹುದು” ಎಂದು ಮನೆಯವರು ಕೋಣೆಯಲ್ಲಿ ಕೂಡಿಹಾಕಿದ ಮನುಷ್ಯ ಸಾಯಬಹುದಾದದ್ದು ಹೀಗೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ವ್ಯಸನ ಚಿಕಿತ್ಸಾ ಕೇಂದ್ರಗಳು ಈ ದಿನಗಳನ್ನು ವೈದ್ಯರ ಕಣ್ಗಾವಲಿನಲ್ಲಿ ದಾಟಿಸುತ್ತವೆ. ಅದಕ್ಕೆ ಬಳಸುವ ಔಷಧಗಳಲ್ಲಿ ಒಂದಾದ ಕ್ಲೋರ್‌ಡೈಯಾಜೆಪಾಕ್ಸೈಡ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಅದೂ ಗಾಬಾ ಚಾನೆಲಿನ ಮೇಲೆಯೇ ಕೆಲಸ ಮಾಡುತ್ತದೆಂಬುದು ತಿಳಿಯತೊಡಗಿದ್ದು ಎಪ್ಪತ್ತರ ದಶಕದ ಮಧ್ಯಭಾಗದಲ್ಲಿ. ಅಷ್ಟರಲ್ಲಿ ಆ ಮಾತ್ರೆ ಬಹಳಷ್ಟು ರೋಗಿಗಳನ್ನು ಸನ್ನಿಯಿಂದ ಪಾರುಮಾಡಿತ್ತು.