ಉಡುಗೊರೆಯ ಕತ್ತಿ, ನಮ್ಮೂರಿನ ಉಕ್ಕು



ಹೋದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮ ಮುಗಿದು ಇನ್ನೂ ಐದು ನಿಮಿಷ ಆಗಿರಲಿಲ್ಲ, ಅಂಧೇರಿಯಿಂದ ಒಬ್ಬರು ಫೋನ್ ಮಾಡಿದರು. ಹುಬ್ಬಳ್ಳಿ ಕಡೆಯವರು. ಅವರ ಮಾವನವರು ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಈಗ ಎಪ್ಪತ್ತು ತುಂಬಿ ಮನೆಯಲ್ಲಿ ಭೀಮರಥ ಶಾಂತಿ. ‘ಶಾಲು, ಹಾರ, ಬೆಳ್ಳಿ ಲೋಟ ಎಲ್ಲರೂ ಕೊಡ್ತಾರೆ ಸರ್, ನಾನು ಒಂದು ಕತ್ತಿ ಕೊಡೋಣ ಅಂತಿದ್ದೀನಿ’ ಎಂದರು. ಅಂಗಡಿಯಲ್ಲಿ ಒಂದನ್ನು ನೋಡಿಯೂ ಬಂದಿದ್ದರು. ಹುಲಿಮುಖದ ಹಿಡಿ, ಬಾಗಿದ ಅಲಗು, ಅಲಗಿನ ತುಂಬ ನೀರಿನ ಅಲೆಯಂಥ ಗೆರೆಗಳು. ಬೆಲೆ 18,000 ರೂಪಾಯಿ. ‘ಟಿಪ್ಪು ಖಡ್ಗದ ಪಕ್ಕಾ ನಕಲು, ಅಸಲಿ ಡಮಾಸ್ಕಸ್ ಉಕ್ಕು’ ಎಂದು ಅಂಗಡಿಯವನ ಮಾತು. ‘ನಕಲು ಅಂತಾನೂ ಹೇಳ್ತಾನೆ, ಅಸಲಿ ಅಂತಾನೂ ಹೇಳ್ತಾನೆ. ಯಾವುದನ್ನ ನಂಬೋದು?’ ಎಂಬುದು ಅವರ ಪ್ರಶ್ನೆ.

ಫೋನಿನಲ್ಲಿ ಎರಡು ನಿಮಿಷ ಏನೋ ಹೇಳಿ ಇಟ್ಟೆ. ಹೇಳಬೇಕಾದದ್ದು ಬಹಳ ಉಳಿಯಿತು. ಅದಕ್ಕೇ ಈ ಬಾರಿಯ ಪತ್ರ.

ಕತ್ತಿ ಕೊಡುವುದು ನಮ್ಮಲ್ಲಿ ಹೊಸದೇನಲ್ಲ ನೋಡಿ. ರಾಜ್ಯೋತ್ಸವದ ವೇದಿಕೆಗಳಲ್ಲಿ ಮೈಸೂರು ಪೇಟ ತೊಡಿಸಿ ಕೈಗೊಂದು ಕತ್ತಿ ಕೊಡದಿದ್ದರೆ ಸನ್ಮಾನ ಪೂರ್ತಿಯಾಗುವುದಿಲ್ಲ. ನಾನೇ ಒಮ್ಮೆ ಇಂಥ ಸಭೆಯೊಂದರಲ್ಲಿ ಕೂತಿದ್ದೆ. ಅತಿಥಿಗಳು ಫೋಟೋಗೆಂದು ಕತ್ತಿಯನ್ನು ಒರೆಯಿಂದ ಹಿರಿದು ಮೇಲಕ್ಕೆತ್ತಿದರು. ಹಿಡಿ ಕೈಯಲ್ಲೇ ಉಳಿಯಿತು, ಅಲಗು ಹೋಗಿ ಮೊದಲ ಸಾಲಿನ ಮುಂದೆ ಬಿತ್ತು! ಯಾರಿಗೂ ಏನೂ ಆಗಲಿಲ್ಲ, ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದಾಗ ಮಾತ್ರ ಮೈ ಜುಮ್ಮೆಂದಿತು.

ಮೊದಲು ‘ಟಿಪ್ಪು ಖಡ್ಗ’ದ ವಿಷಯಕ್ಕೆ ಬರೋಣ. ಟಿಪ್ಪುವಿನ ಆಳ್ವಿಕೆಯ ಬಗ್ಗೆ ವಾದ ವಿವಾದ ಇವತ್ತಿಗೂ ನಡೆದೇ ಇದೆ, ಅದು ಈ ಪತ್ರದ ವಿಷಯವಲ್ಲ. ನಮಗೆ ಬೇಕಾದದ್ದು ಅವನ ಕತ್ತಿಗಳು. ಹೌದು, ಕತ್ತಿಗಳು, ಒಂದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಆಯುಧಗಳನ್ನು ಗೆದ್ದ ಸೈನ್ಯದ ಅಧಿಕಾರಿಗಳು ಹಂಚಿಕೊಂಡರು. ಅವು ಇಂಗ್ಲೆಂಡಿನ ಮನೆಮನೆಗಳಿಗೆ, ಅಲ್ಲಿಂದ ಮ್ಯೂಸಿಯಂಗಳಿಗೆ, ಹರಾಜುಕಟ್ಟೆಗಳಿಗೆ ಚೆದುರಿದವು. 1990ರಲ್ಲಿ ದೂರದರ್ಶನದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ಬಂದಾಗಿನಿಂದ ನಮ್ಮ ತಲೆಯಲ್ಲಿ ಟಿಪ್ಪುವಿಗೆ ಒಂದೇ ಒಂದು ಖಡ್ಗ ಎಂಬ ಭಾವನೆ ಕೂತುಬಿಟ್ಟಿದೆ.

ಆ ಕತ್ತಿಗಳಲ್ಲಿ ಅತಿ ಹೆಚ್ಚು ಬೆಲೆಗೆ ಹೋದದ್ದು ಯಾವುದು ಗೊತ್ತೆ? 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಮಾರಾಟವಾದ, ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕಿದ ಕತ್ತಿ. 1 ಕೋಟಿ 40 ಲಕ್ಷ ಪೌಂಡು ದಾಟಿತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ. ಕೋಟೆಯ ಮೇಲಿನ ದಾಳಿಯ ಮುಂದಾಳಾಗಿದ್ದ ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಸೈನ್ಯ ಅದನ್ನು ಕಾಣಿಕೆಯಾಗಿ ಕೊಟ್ಟಿತ್ತು. ಅಂದರೆ ಅದೂ ಒಂದು ಉಡುಗೊರೆಯ ಕತ್ತಿಯೇ! ಅದರ ಹಿಡಿಯಲ್ಲಿ ಎದ್ದು ಕಾಣುವುದು ಚಿನ್ನದಲ್ಲಿ ಕೂರಿಸಿದ ಅಕ್ಷರಗಳು. ಅಲಗಿನ ಮೇಲೆ ‘ಶಂಶೀರ್-ಎ-ಮಲಿಕ್’, ದೊರೆಯ ಖಡ್ಗ, ಎಂಬ ಬರಹ. ಆ ಅಲಗನ್ನು ಮೊಗಲ್ ಕಮ್ಮಾರರು ಜರ್ಮನ್ ಅಲಗುಗಳ ಮಾದರಿ ನೋಡಿ ಮಾಡಿದ್ದು ಎಂದು ಹರಾಜಿನವರು ತಿಳಿಸಿದ್ದರು. ಹುಲಿಮುಖದ ಹಿಡಿಯ ಕತ್ತಿಗಳೂ ಟಿಪ್ಪುವಿನ ಬಳಿ ಇದ್ದವು, ಹುಲಿಪಟ್ಟೆಯಂತೂ ಅವನ ಹಲವು ಆಯುಧಗಳ ಗುರುತು. ಆದರೆ ಅಂಗಡಿಯವನು ‘ಪಕ್ಕಾ ನಕಲು’ ಎಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವ ಕತ್ತಿಯ ನಕಲು? ಆ ಮೂಲ ಕತ್ತಿ ಈಗ ಯಾವ ಮ್ಯೂಸಿಯಂನಲ್ಲಿದೆ? ಇದಕ್ಕೆ ಉತ್ತರ ಬರದಿದ್ದರೆ ಅದು ಯಾವುದರ ನಕಲೂ ಅಲ್ಲ, ಸಿನಿಮಾ ಕತ್ತಿ.

ಜರ್ಮನ್ ಮಾದರಿ ಎಂದು ಕೇಳಿ ಬೇಸರಪಟ್ಟುಕೊಳ್ಳಬೇಡಿ. ದಖ್ಖನಿನ ಸೈನ್ಯಗಳಲ್ಲಿ ವಿದೇಶೀ ಅಲಗಿಗೆ ದೇಶೀ ಹಿಡಿ ಕೂರಿಸುವುದು ದೊಡ್ಡಸ್ತಿಕೆಯೇ ಆಗಿತ್ತು. ಅಂಥ ನೀಳ ಕತ್ತಿಗೆ ಹೆಸರೇ ‘ಫಿರಂಗಿ’, ಎಂದರೆ ಪರಂಗಿಯವರದು. ನಮ್ಮ ಕನ್ನಡದಲ್ಲಿ ಫಿರಂಗಿ ಎಂದರೆ ತೋಪು. ಮರಾಠಿಯಲ್ಲಿ ‘ಫಿರಂಗ್’ ಎಂದರೆ ಕತ್ತಿ. ಒಂದೇ ಶಬ್ದ, ಎರಡು ಆಯುಧ! ಶಿವಾಜಿ ಮಹಾರಾಜರ ಜಗದಂಬಾ ಖಡ್ಗವೆಂದು ಮಹಾರಾಷ್ಟ್ರ ನಂಬುವ, ಕೊಲ್ಹಾಪುರದಿಂದ 1875-76ರಲ್ಲಿ ವೇಲ್ಸ್ ರಾಜಕುಮಾರನ ಕೈ ಸೇರಿ ಈಗ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ಕತ್ತಿಯ ಅಲಗೂ ಯುರೋಪಿನದೇ.

ಈಗ ಆ ‘ಡಮಾಸ್ಕಸ್’. ನನಗೆ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

1790ರ ದಶಕದಲ್ಲಿ ಬೊಂಬಾಯಿಯಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯರಿದ್ದರು. ಇಲ್ಲಿ ಸಿಗುತ್ತಿದ್ದ ಒಂದು ಬಗೆಯ ಉಕ್ಕಿನ ಗಟ್ಟಿಗಳನ್ನು ಅವರು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದರು. ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಇದು ‘ಬೊಂಬಾಯಿಯಲ್ಲಿ ತಯಾರಾಗುವ, ಅಲ್ಲಿ ವುಟ್ಜ್ ಎಂದು ಕರೆಯುವ’ ಉಕ್ಕು ಎಂಬ ಅರ್ಥದ ಮಾತಿತ್ತು. ಬೊಂಬಾಯಿಯಲ್ಲಿ ತಯಾರಾದದ್ದಲ್ಲ, ಬೊಂಬಾಯಿಗೆ ಬಂದದ್ದು. ಹೊರಗಿನಿಂದ ಬಂದವರನ್ನೆಲ್ಲ ತನ್ನವರೆಂದು ಬರೆಸಿಕೊಳ್ಳುವ ಈ ಊರಿನ ಅಭ್ಯಾಸ ಆಗಲೇ ಶುರುವಾಗಿತ್ತೇನೋ! ಇನ್ನು ‘ವುಟ್ಜ್’ ಎಂಬ ವಿಚಿತ್ರ ಪದ? ಅದು ನಮ್ಮ ‘ಉಕ್ಕು’ ಇಂಗ್ಲಿಷರ ಬಾಯಲ್ಲಿ, ಬರವಣಿಗೆಯಲ್ಲಿ ಕೆಟ್ಟು ಆದದ್ದು ಎಂಬುದೇ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವ ಮಾತು. ತೆಲುಗಿನಲ್ಲೂ ಉಕ್ಕು ಉಕ್ಕೇ, ಹಾಗಾಗಿ ನಾವೊಬ್ಬರೇ ಹಕ್ಕು ಸಾಧಿಸುವಂತಿಲ್ಲ. ಆದರೂ ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲೆಲ್ಲ ನಮ್ಮ ಮನೆಮಾತಿನ ಒಂದು ಪದ ವೇಷ ಮರೆಸಿಕೊಂಡು ಕೂತಿದೆ.

ಅದನ್ನು ಮಾಡುತ್ತಿದ್ದ ಬಗೆ ಹೇಗೆ? ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ತಿರುಗಲು ಹೊರಟ. ಬೆಳೆ, ಜಾತಿ, ಕಂದಾಯ, ಕಸುಬು ಯಾವುದನ್ನೂ ಬಿಡದೆ ಬರೆದುಕೊಂಡ. ಮಧುಗಿರಿ, ಚನ್ನರಾಯನದುರ್ಗದ ಕಡೆಯ ಉಕ್ಕಿನ ಕುಲುಮೆಗಳನ್ನೂ ಬಿಡಲಿಲ್ಲ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತೂಕ ಮಾಡಿದ ತಂಗಡಿ ಗಿಡದ ಕಡ್ಡಿ, ಮೇಲೆ ಒಂದು ಬಳ್ಳಿಯ ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಮೂಸೆಗಳನ್ನು ಒಟ್ಟಿಗೆ ಇದ್ದಿಲ ಬೆಂಕಿಯಲ್ಲಿಟ್ಟು ತಿದಿ ಒತ್ತುವುದು. ಮುಚ್ಚಿದ ಮೂಸೆಯಲ್ಲಿ ಆ ಕಡ್ಡಿ, ಎಲೆ ಸುಟ್ಟು ಅವುಗಳ ಇಂಗಾಲ ಕಬ್ಬಿಣಕ್ಕೆ ಇಳಿಯುತ್ತದೆ. ಕಬ್ಬಿಣ ಕರಗಿ ಉಕ್ಕಾಗುತ್ತದೆ. ನೂರಕ್ಕೆ ಒಂದೂವರೆ ಭಾಗದಷ್ಟು ಇಂಗಾಲ. ಮೂಸೆ ನಿಧಾನವಾಗಿ ಆರಿದಾಗ ಆ ಇಂಗಾಲ ಕಬ್ಬಿಣದೊಂದಿಗೆ ಸೇರಿ ಗಟ್ಟಿ ಕಣಗಳಾಗುತ್ತದೆ. ಅನಂತರ ಹದವಾದ ಶಾಖದಲ್ಲಿ ಬಡಿದಂತೆಲ್ಲ ಆ ಕಣಗಳು ಸಾಲುಗಟ್ಟುತ್ತವೆ. ಅಲಗಿನ ಮೇಲೆ ಕಾಣುವ ನೀರಿನ ಅಲೆ ಅದೇ. ಯಾರೂ ಬರೆದದ್ದಲ್ಲ, ಉಕ್ಕಿನೊಳಗಿಂದಲೇ ಬಂದದ್ದು.

ಈ ಉಕ್ಕು ಕತ್ತಿಗೆ ಮಾತ್ರ ಹೋಗುತ್ತಿರಲಿಲ್ಲ. ಕಲ್ಲುಕುಟಿಗರ ಉಳಿಗೂ ಅದೇ ಬೇಕು. ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುತ್ತಿದ್ದರು. ವಾದ್ಯಗಳಿಗೆ ಕಟ್ಟುವ ಆ ತಂತಿಗೆ ದೇಶದಲ್ಲೆಲ್ಲ ಬೇಡಿಕೆಯಿತ್ತೆಂದು ಬುಕಾನನ್ ಬರೆದಿದ್ದಾನೆ. ಚನ್ನಪಟ್ಟಣವೆಂದರೆ ಮರದ ಬೊಂಬೆ ಮಾತ್ರ ಎಂದುಕೊಂಡಿದ್ದ ನನಗೆ ಇದನ್ನು ಓದಿದ ದಿನ ರೇಡಿಯೋದಲ್ಲಿ ವೀಣೆ ಬೇರೆ ಥರವೇ ಕೇಳಿಸಿತು.

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ಸಂಶೋಧಕರಿಗೆ ಸಿಕ್ಕಿವೆ. ತೆಲಂಗಾಣದ ಕೋನಸಮುದ್ರಂಗೆ ಪರ್ಷಿಯಾದ ವ್ಯಾಪಾರಿಗಳು ತಾವೇ ಬಂದು, ಎದುರಿಗೆ ನಿಂತು ಉಕ್ಕು ಕೊಳ್ಳುತ್ತಿದ್ದರು. ಗಟ್ಟಿಗಳು ಹಡಗು ಹತ್ತಿ ಪರ್ಷಿಯಾ ಸೇರಿ ಅಲ್ಲಿ ಕತ್ತಿಗಳಾದವು. ಅಂಥ ಕತ್ತಿಗಳನ್ನು ಡಮಾಸ್ಕಸ್ ಪೇಟೆಯಲ್ಲಿ ಕಂಡ ಯುರೋಪಿನವರು ಊರಿನ ಹೆಸರನ್ನೇ ಇಟ್ಟರು ಎಂಬುದು ರೂಢಿಯ ವಿವರಣೆ. ಕಮ್ಮಾರನ ಮಗನಾಗಿದ್ದ ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಕಡೆ ಪೂರ್ತಿ ತಿರುಗುವ ಮುಂಚೆ, 1819ರಿಂದ ಮೂರು ನಾಲ್ಕು ವರ್ಷ ಈ ಉಕ್ಕಿನ ಗುಟ್ಟು ಹುಡುಕುತ್ತ ಕಳೆದ. ಪೂರ್ತಿ ಸಿಗಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಪ್ರೊಫೆಸರ್ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆಗೂಡಿ ಅಂಥ ಅಲಗನ್ನು ಮತ್ತೆ ಮಾಡಿ ತೋರಿಸಿದರು. ಅದಿರಿನಲ್ಲಿರುವ ವೆನೇಡಿಯಂನಂಥ ಲೋಹದ ಅತಿ ಸಣ್ಣ ಅಂಶವೇ ಆ ಅಲೆಗಳಿಗೆ ಕಾರಣವೆಂದು ಅವರು ಕಂಡುಕೊಂಡರು. ಆದರೆ ಆ ಹೊತ್ತಿಗೆ ನಮ್ಮ ಕುಲುಮೆಗಳು ಆರಿ ಕಾಲವಾಗಿತ್ತು. 1857ರ ನಂತರ ಜನರ ಕೈಯಿಂದ ಆಯುಧ ಕಿತ್ತುಕೊಂಡರು, 1878ರಲ್ಲಿ ಶಸ್ತ್ರಾಸ್ತ್ರ ಕಾಯಿದೆಯೇ ಬಂತು, ಹಡಗಿನಲ್ಲಿ ಅಗ್ಗದ ವಿಲಾಯಿತಿ ಉಕ್ಕು ಬಂದಿಳಿಯಿತು, ಇದ್ದಿಲಿಗೆ ಮರ ಕಡಿಯಲು ಅರಣ್ಯ ಇಲಾಖೆ ಬಿಡಲಿಲ್ಲ. ಮಗ ಅಪ್ಪನ ಕಸುಬು ಕಲಿಯಲಿಲ್ಲ, ಅಷ್ಟೇ.

ಹಾಗಾದರೆ ಅಂಗಡಿಯಲ್ಲಿರುವ ‘ಡಮಾಸ್ಕಸ್’ ಏನು? ಒಳ್ಳೆಯದಾದರೆ ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬೆಸೆದು, ಮಡಚಿ ಬಡಿದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಅದೂ ಹಳೆಯ ವಿದ್ಯೆ, ಶ್ರಮದ ಕೆಲಸ; ಆದರೆ ನಮ್ಮ ಮೂಸೆಯ ಉಕ್ಕಲ್ಲ. ಕೆಟ್ಟದಾದರೆ ಸಾದಾ ಸ್ಟೀಲಿನ ಮೇಲೆ ಅಚ್ಚು ಹಾಕಿದಂತೆ ಗೆರೆ ಕೊರೆದದ್ದು. ಹಿಡಿಯ ಹತ್ತಿರ, ಕಾಣದ ಕಡೆ, ಸಣ್ಣ ಮರಳುಕಾಗದದಿಂದ ಚೂರು ಉಜ್ಜಿ ಆಮ್ಲ ಮುಟ್ಟಿಸಿದರೆ ಬೆಸೆದ ಉಕ್ಕಿನಲ್ಲಿ ಗೆರೆ ಮತ್ತೆ ಏಳುತ್ತದೆ, ಅಚ್ಚು ಹಾಕಿದ್ದರಲ್ಲಿ ಏಳುವುದಿಲ್ಲ. ಅಂಗಡಿಯವನು ಹಾಗೆ ಉಜ್ಜಲು ಬಿಡುತ್ತಾನೆಯೇ? ಬಿಡುವುದಿಲ್ಲ. ಆದರೆ ಕೇಳಿ ನೋಡಿ, ಅವನ ಮುಖವೇ ಅರ್ಧ ಉತ್ತರ ಹೇಳುತ್ತದೆ.

ಹಿಡಿಯನ್ನು ಮಾತ್ರ ಬಿಡದೆ ಪರೀಕ್ಷಿಸಿ. ಅಲಗಿನ ಬಾಲ ಹಿಡಿಯೊಳಗೆ ಅಗಲವಾಗಿ ಹೋಗಿರಬೇಕು. ಅಗ್ಗದ ಕತ್ತಿಗಳಲ್ಲಿ ಬೆರಳಿಗಿಂತ ಸಣ್ಣ ಸರಳೊಂದನ್ನು ವೆಲ್ಡ್ ಮಾಡಿ ತಿರುಪು ಹಾಕಿರುತ್ತಾರೆ. ಅವತ್ತು ವೇದಿಕೆಯಲ್ಲಿ ಮುರಿದದ್ದು ಅಂಥದೇ. ನಮ್ಮ ಹಳೆಯ ತಲವಾರುಗಳಲ್ಲಿ ಟೊಳ್ಳು ಹಿಡಿಯೊಳಗೆ ಅರಗು ಕರಗಿಸಿ ಹೊಯ್ದು ಅಲಗಿನ ಬಾಲವನ್ನು ಕೂರಿಸುತ್ತಿದ್ದರು. ತೂಕವನ್ನೂ ನೋಡಿ. ನಿಜವಾದ ತಲವಾರು ಹೆಚ್ಚುಕಡಿಮೆ ಒಂದು ಕಿಲೋ ಅಷ್ಟೇ, ದಿನವಿಡೀ ಬೀಸಬೇಕಾದದ್ದಲ್ಲವೇ? ‘ಎಷ್ಟು ಭಾರ ನೋಡಿ, ರಾಜರು ಹೇಗೆ ಎತ್ತುತ್ತಿದ್ದರೋ’ ಎಂದು ಹೇಳಿ ಮಾರುವವನಿಗೆ ಕತ್ತಿಯ ಗಂಧವೇ ಇಲ್ಲ.

ಚೆನ್ನಾಗಿ ಮಾಡುವವರು ನಮ್ಮ ದೇಶದಲ್ಲೇ ಇದ್ದಾರೆ. ಡೆಹ್ರಾಡೂನಿನ ವಿಂಡ್ಲಾಸ್ ಕಾರ್ಖಾನೆ 1943ರಲ್ಲಿ ಗೂರ್ಖಾ ಪಡೆಗಳಿಗೆ ಖುಕ್ರಿ ಮಾಡಿಕೊಡುತ್ತ ಶುರುವಾದದ್ದು. ಹಲವು ದೇಶಗಳ ಸೈನ್ಯಗಳಿಗೆ ಪರೇಡ್ ಕತ್ತಿ, ಸಂಗ್ರಾಹಕರಿಗೆ ಚಾರಿತ್ರಿಕ ಕತ್ತಿಗಳ ಪ್ರತಿಕೃತಿ ಕಳಿಸುತ್ತ ಬೆಳೆಯಿತು. 1772ರಲ್ಲಿ ಶುರುವಾಗಿದ್ದ ಲಂಡನ್ನಿನ ವಿಲ್ಕಿನ್ಸನ್ ಕಂಪನಿ 2005ರಲ್ಲಿ ಕತ್ತಿ ಮಾಡುವುದನ್ನೇ ನಿಲ್ಲಿಸಿತು.

ಕಾನೂನಿನ ಮಾತು ಎರಡು. ಉಡುಗೊರೆಗೆ ಅಂಚು ಹರಿತ ಮಾಡದ ಕತ್ತಿಯನ್ನೇ ಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಇನ್ನು ಯಾರಾದರೂ ‘ಇದು ನಕಲಲ್ಲ, ಇನ್ನೂರು ವರ್ಷದ್ದು’ ಎಂದು ಪಿಸುಗುಟ್ಟಿದರೆ ಹುಷಾರು. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಅಮೆರಿಕದ ಮಗನಿಗೆ ಕಳಿಸೋಣವೆಂದರೆ ಆಗುವುದಿಲ್ಲ. ಅವನು ಸುಳ್ಳು ಹೇಳುತ್ತಿದ್ದರೆ ದುಡ್ಡು ಹೋಯಿತು, ನಿಜ ಹೇಳುತ್ತಿದ್ದರೆ ತೊಂದರೆ ಬಂತು!

ಅಂಧೇರಿಯ ನಮ್ಮ ಕೇಳುಗರು ಕೊನೆಗೆ ಹುಲಿಮುಖದ್ದನ್ನು ಬಿಟ್ಟು, ಗೆರೆಗಿರೆ ಏನೂ ಇಲ್ಲದ ಒಂದು ಸಾದಾ ಪರೇಡ್ ಕತ್ತಿ ಕೊಂಡರಂತೆ. ಮಾವನವರು ಒರೆಯಿಂದ ತೆಗೆದು, ಮುಖದ ಮುಂದೆ ನೆಟ್ಟಗೆ ಹಿಡಿದು ಸೆಲ್ಯೂಟ್ ಹೊಡೆದರೆಂದು ಮತ್ತೆ ಫೋನ್ ಮಾಡಿ ಹೇಳಿದರು.

ಅಸಲಿಯನ್ನು ಕಣ್ಣಾರೆ ನೋಡಬೇಕೆಂದರೆ ದುಡ್ಡು ಹೆಚ್ಚು ಬೇಡ. ಮುಂಬಯಿಯವರಿಗೆ ಹಳೆಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಇದೆ. ಪುಣೆಯಲ್ಲಿ ರಾಜಾ ಕೇಳ್ಕರ್ ಮ್ಯೂಸಿಯಂ, ಹೈದರಾಬಾದಿನಲ್ಲಿ ಸಾಲಾರ್ ಜಂಗ್, ಚೆನ್ನೈಯಲ್ಲಿ ಎಗ್ಮೋರಿನ ಸರ್ಕಾರಿ ಮ್ಯೂಸಿಯಂ, ದೆಹಲಿಯಲ್ಲಿ ರಾಷ್ಟ್ರೀಯ ಮ್ಯೂಸಿಯಂನ ಆಯುಧ ವಿಭಾಗ. ಗಾಜಿನ ಪೆಟ್ಟಿಗೆಯ ಎದುರಿಗೆ ನಿಂತು ನೋಡಿದರೆ ಅಲಗು ಬರೀ ಕಪ್ಪಗೆ ಕಾಣುತ್ತದೆ. ಒಂದು ಪಕ್ಕಕ್ಕೆ ಸರಿದು, ಸ್ವಲ್ಪ ಬಗ್ಗಿ, ಬೆಳಕು ಅಲಗಿನ ಮೇಲೆ ಓರೆಯಾಗಿ ಜಾರುವಂತೆ ನೋಡಿ. ಕೆಲವು ಕತ್ತಿಗಳಲ್ಲಿ ನೀರು ಅಲುಗಿದಂತೆ ಗೆರೆಗಳು ಕಾಣುತ್ತವೆ.