ಸೈನ್ಯದಿಂದ ಶಾಲೆಗೆ

ಶಿಕ್ಷಕರಾಗಲು ನಾವೆಲ್ಲ ಬಲ್ಲ ದಾರಿ ಒಂದೇ. ಓದು ಮುಗಿದೊಡನೆ ತರಬೇತಿ ಕಾಲೇಜು ಸೇರುವುದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಪಡೆಯುವುದು. ಆದರೆ ಹತ್ತು ವರ್ಷ ಕಚೇರಿಯಲ್ಲಿ ಲೆಕ್ಕ ಬರೆದವರೋ, ಸೈನ್ಯದಲ್ಲಿ ದುಡಿದವರೋ ಮೂವತ್ತನೆಯ ವಯಸ್ಸಿನಲ್ಲಿ ಪಾಠ ಹೇಳಬಯಸಿದರೆ? ಅವರಿಗೆ ಬಾಗಿಲು ತೆರೆದರೆ ಮಕ್ಕಳ ಕಲಿಕೆಗೆ ಕುಂದು ಬಾರದೆ? ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಇಂಗ್ಲೆಂಡ್ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

1944ರಲ್ಲಿ ಆರ್.ಎ. ಬಟ್ಲರ್ ಅವರ ಮುಂದಾಳುತನದಲ್ಲಿ ಅಲ್ಲಿ ಹೊಸ ಶಿಕ್ಷಣ ಕಾಯಿದೆ ಬಂದಿತು. ಎಲ್ಲ ಮಕ್ಕಳಿಗೂ ಉಚಿತ ಪ್ರೌಢಶಿಕ್ಷಣ ನೀಡುವುದು, ಕಡ್ಡಾಯ ಶಿಕ್ಷಣದ ವಯಸ್ಸನ್ನು 14ರಿಂದ 15ಕ್ಕೆ ಏರಿಸುವುದು ಅದರ ಮುಖ್ಯ ಗುರಿ. ಮಕ್ಕಳು ಒಂದು ವರ್ಷ ಹೆಚ್ಚು ಶಾಲೆಯಲ್ಲಿ ಉಳಿದರೆ ಅಷ್ಟೂ ತರಗತಿಗಳಿಗೆ ಶಿಕ್ಷಕರು ಬೇಕಲ್ಲವೆ? ಆದರೆ ತರುಣರು ಯುದ್ಧರಂಗದಲ್ಲಿದ್ದರು. ವಾಡಿಕೆಯ ತರಬೇತಿಗೆ ಎರಡು ವರ್ಷ ಹಿಡಿಯುತ್ತಿತ್ತು. ಮದುವೆಯಾದ ಶಿಕ್ಷಕಿಯರನ್ನು ಕೆಲಸದಿಂದ ದೂರವಿಡುವ ಪದ್ಧತಿಯನ್ನು ಅದೇ ಕಾಯಿದೆ ತೆಗೆದುಹಾಕಿತಾದರೂ, ಅಷ್ಟರಿಂದಲೇ ಕೊರತೆ ತುಂಬುವಂತಿರಲಿಲ್ಲ.

ಆಗ ರೂಪುಗೊಂಡದ್ದೇ ತುರ್ತು ತರಬೇತಿ ಯೋಜನೆ. ಸೈನ್ಯದಿಂದ ಮರಳಿದವರಿಗೆ, ಯುದ್ಧಕಾಲದ ಇತರ ಸೇವೆಗಳಲ್ಲಿ ದುಡಿದ ಸ್ತ್ರೀಪುರುಷರಿಗೆ ಸುಮಾರು ಒಂದು ವರ್ಷದ ತೀವ್ರ ತರಬೇತಿ. ಶುಲ್ಕವಿಲ್ಲ; ಜೀವನೋಪಾಯಕ್ಕೆ ಸಹಾಯಧನವುಂಟು. ಹಿಂದಿನ ಪರೀಕ್ಷೆಗಳ ಅಂಕಗಳಿಗಿಂತ ಸಂದರ್ಶನದಲ್ಲಿ ಕಂಡುಬಂದ ಯೋಗ್ಯತೆಗೇ ಹೆಚ್ಚು ಬೆಲೆ. ಕೆಲಸಕ್ಕೆ ಸೇರಿದ ಮೇಲೂ ಎರಡು ವರ್ಷ ಪರೀಕ್ಷಾರ್ಥ ಸೇವೆ ಮಾಡುತ್ತ, ಬಿಡುವಿನಲ್ಲಿ ಓದನ್ನು ಮುಂದುವರಿಸಬೇಕಾಗಿತ್ತು.

ಕಾಲೇಜು ಕಟ್ಟಡಗಳನ್ನು ಕಟ್ಟಿಸಲು ವೇಳೆಯೆಲ್ಲಿ? ಹಳೆಯ ಬಂಗಲೆಗಳು, ಕಾರ್ಮಿಕರ ವಸತಿಗೃಹಗಳು, ಸೈನಿಕ ಶಿಬಿರಗಳೇ ಕಾಲೇಜುಗಳಾದವು. ಲಂಡನ್ನಿನ ಉತ್ತರದ ಟ್ರೆಂಟ್ ಪಾರ್ಕ್ ಭವನದಲ್ಲಿ ಯುದ್ಧಕಾಲದಲ್ಲಿ ಜರ್ಮನಿಯ ಸೇನಾಧಿಪತಿಗಳನ್ನು ಸೆರೆಯಿಟ್ಟು, ಅವರ ಮಾತುಗಳನ್ನು ಗುಟ್ಟಾಗಿ ಆಲಿಸಲಾಗುತ್ತಿತ್ತು. 1947ರಲ್ಲಿ ಅದೇ ಭವನದಲ್ಲಿ ಭಾವಿ ಶಿಕ್ಷಕರು ಪಾಠ ಕೇಳತೊಡಗಿದರು.

ಅದೇ ವರ್ಷದ ಆರಂಭದಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿ, ವಯೋಮಿತಿಯ ಏರಿಕೆಯನ್ನು ಮುಂದೂಡಬೇಕೆಂಬ ಒತ್ತಡ ಮಂತ್ರಿಮಂಡಲದಲ್ಲಿ ಬಂದಿತು. ಶಿಕ್ಷಣ ಮಂತ್ರಿ ಎಲೆನ್ ವಿಲ್ಕಿನ್ಸನ್ ಪಟ್ಟು ಸಡಿಲಿಸಲಿಲ್ಲ. ಏಪ್ರಿಲ್ 1ರಂದು ಆ ನಿಯಮ ಜಾರಿಗೆ ಬಂದಾಗ ಅದನ್ನು ನೋಡಲು ಅವರಿರಲಿಲ್ಲ, ಫೆಬ್ರವರಿಯಲ್ಲಿಯೇ ತೀರಿಕೊಂಡಿದ್ದರು.

ಈ ಅಡ್ಡದಾರಿಯಿಂದ ವೃತ್ತಿಯ ಮಟ್ಟ ಕುಸಿಯುವುದೆಂದು ಆಕ್ಷೇಪಿಸಿದವರೂ ಇದ್ದರು. ಆ ಆತಂಕ ಅಕಾರಣವೇನಲ್ಲ. ಒಂದು ವರ್ಷದಲ್ಲಿ ಕಲಿಯಲಾಗುವುದು ಸ್ವಲ್ಪವೇ. ಆದರೆ ಜೀವನಾನುಭವವೂ ಒಂದು ಬಗೆಯ ವಿದ್ಯೆ ಎಂಬುದನ್ನು ಆಕ್ಷೇಪಕರು ಗಮನಿಸಲಿಲ್ಲ. 1951ರಲ್ಲಿ ಯೋಜನೆ ಮುಗಿಯುವ ವೇಳೆಗೆ ಸುಮಾರು 35,000 ಮಂದಿ ಶಿಕ್ಷಕರು ಸಿದ್ಧರಾಗಿದ್ದರು. ಅವರಲ್ಲಿ ಗಂಡಸರೇ ಹೆಚ್ಚು.

ಯುದ್ಧವಿಲ್ಲದ ಕಾಲದಲ್ಲೂ ಇಂಥ ದಾರಿ ತೆರೆದುಕೊಂಡಿತು. 1980ರ ದಶಕದ ನಡುವೆ ಅಮೆರಿಕದ ನ್ಯೂಜೆರ್ಸಿ ರಾಜ್ಯ, ವಿಷಯದಲ್ಲಿ ಪದವಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ನೇರವಾಗಿ ಶಾಲೆಗೆ ನೇಮಿಸಿ, ಹಿರಿಯ ಶಿಕ್ಷಕರ ಮಾರ್ಗದರ್ಶನದಲ್ಲಿ ಕೆಲಸ ಮಾಡುತ್ತಲೇ ಅರ್ಹತೆ ಪಡೆಯುವ ಏರ್ಪಾಡು ಮಾಡಿತು. ನಮ್ಮ ದೇಶದಲ್ಲಿ 2017ರ ತಿದ್ದುಪಡಿ, ತರಬೇತಿಯಿಲ್ಲದೆ ಆಗಲೇ ಸೇವೆಯಲ್ಲಿದ್ದ ಶಿಕ್ಷಕರು 2019ರ ಮಾರ್ಚ್ 31ರೊಳಗೆ ಅರ್ಹತೆ ಗಳಿಸಲು ಅವಕಾಶ ನೀಡಿತು.

ಈ ಇತಿಹಾಸದಿಂದ ತಿಳಿಯುವುದಿಷ್ಟು: ಬಾಗಿಲನ್ನು ಅಗಲವಾಗಿ ತೆರೆಯುವುದು ತಪ್ಪಲ್ಲ, ಒಳಗೆ ಬಂದವರನ್ನು ಕೈಬಿಡುವುದು ತಪ್ಪು. ನಿಮ್ಮ ಶಾಲೆಯಲ್ಲಿಯೂ ಬೇರೆ ಕಸುಬಿನಿಂದ ಬಂದ ಮೇಷ್ಟ್ರೊಬ್ಬರು ಇರಬಹುದು. ಅವರು ಯಾವ ದಾರಿಯಲ್ಲಿ ಬಂದರೆಂದು ಒಮ್ಮೆ ಕೇಳಿ ನೋಡಿ.