ಬಗ್ಗಡ (ಉಪ್ಪುನೀರಿನ ಈಜುಕೊಳ)

ಕರಗದೆ, ಬೇಗ ತಳಕ್ಕೂ ಇಳಿಯದೆ ತೇಲುವ ಸೂಕ್ಷ್ಮ ಕಣಗಳಿಂದ ಕೊಳದ ನೀರು ಮಂಕಾಗುವುದು. ಇದರ ಅಳತೆಯ ಮಾನ ಎನ್‌ಟಿಯು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 (2012) ಒಪ್ಪುವ ಮಿತಿ 1 ಎನ್‌ಟಿಯು. ಬೇರೆ ಮೂಲವೇ ಇಲ್ಲದಿದ್ದರೆ 5. ಆ ಐದರ ಹೊತ್ತಿಗೆ ಮಂಕು ಬರಿಗಣ್ಣಿಗೇ ಕಾಣುತ್ತದೆ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ತೋಟದ ಮನೆ ಮತ್ತು ಹೋಮ್‌ಸ್ಟೇಗಳ ಹಿತ್ತಿಲಲ್ಲಿ ಕಟ್ಟಿಸಿದ ಕೊಳಗಳನ್ನು ಮುಂದಿಟ್ಟುಕೊಂಡು ಈ ಲೇಖನ ಬರೆಯಲಾಗಿದೆ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರದ ಜೊತೆ ಬರುವ ಕೈಪಿಡಿಗಳು ಗಡಸುನೀರಿನ ನಾಡುಗಳನ್ನು ನೆನೆದು ಬರೆದಂಥವು. ನೀರು ಬೆಳ್ಳಗಾದರೆ ಅವು ಮೊದಲು ಸಂಶಯಿಸುವುದು ಸುಣ್ಣವನ್ನು. ಈ ಮೂರು ತಾಲ್ಲೂಕುಗಳ ಬಾವಿನೀರು ಬಹುಮಟ್ಟಿಗೆ ಮೆದುನೀರು, ಅದರಲ್ಲಿ ಸುಣ್ಣ ತೀರ ಕಡಿಮೆ. ಇಲ್ಲಿ ಹೆಚ್ಚಿನ ಬಗ್ಗಡ ಬರುವುದು ಕೊಳ ತುಂಬಿಸಿದ ನೀರಿನಿಂದ, ಇಲ್ಲವೇ ಮಳೆಯಿಂದ.

ಕೊಳದ ಕೆಲಸ

ಉಪ್ಪುನೀರಿನ ಕೊಳವೆಂದರೆ ಕ್ಲೋರಿನ್ ಇಲ್ಲದ ಕೊಳವಲ್ಲ. ಕ್ಲೋರಿನ್ ಅಲ್ಲೇ ತಯಾರಾಗುವ ಕೊಳ. ಲೀಟರಿಗೆ ಸುಮಾರು 3 ಗ್ರಾಂ ಉಪ್ಪು ಬೆರೆಸುತ್ತಾರೆ. ಸಮುದ್ರದಲ್ಲಿ ಅದು 35 ಗ್ರಾಂ. ಪಂಪಿನಿಂದ ಹೊರಟ ನೀರು ಲೋಹಲೇಪದ ಟೈಟಾನಿಯಂ ತಗಡುಗಳ ನಡುವೆ ಹಾಯುವಾಗ ವಿದ್ಯುತ್ತು ಉಪ್ಪನ್ನು ಒಡೆದು ಹೈಪೋಕ್ಲೋರೈಟ್ ಮತ್ತು ಹೈಡ್ರೋಜನ್ ಕೊಡುತ್ತದೆ. ಹೈಡ್ರೋಜನ್ ಗುಳ್ಳೆಗಳು ನೀರಿನ ಇಂಗಾಲಾಮ್ಲವನ್ನು ಹೊರದೂಡುವುದರಿಂದ ಪಿಎಚ್ ದಿನದಿನಕ್ಕೆ ಮೇಲೇರುತ್ತದೆ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಚುರುಕಾದ ರೂಪದಲ್ಲಿದ್ದರೆ, 8ರಲ್ಲಿ ಉಳಿಯುವುದು ಕಾಲು ಭಾಗ. ಮೀಟರಿನಲ್ಲಿ ಕ್ಲೋರಿನ್ ಸರಿಯಾಗಿಯೇ ಕಂಡು ಪಾಚಿ ಮಾತ್ರ ಸಾಯದಿರುವುದಕ್ಕೆ ಇದೊಂದು ಕಾರಣ.

ಮುರಕಲ್ಲು, ಶೇಡಿ ಮತ್ತು ಬಾವಿನೀರು

ಈ ಭಾಗದಲ್ಲಿ ಬಾವಿ ತೋಡಿದರೆ ಮೊದಲು ಸಿಗುವುದು ಮುರಕಲ್ಲು (ಲ್ಯಾಟರೈಟ್). ಅದರಡಿ ಕೆಂಪು, ಹಳದಿ ಚುಕ್ಕೆಗಳ ಮೆದು ಪದರ, ಅದಕ್ಕೂ ಕೆಳಗೆ ನುಣ್ಣಗಿನ ಬಿಳಿ ಅಥವಾ ನಸುಗೆಂಪು ಶೇಡಿ, ತಳದಲ್ಲಿ ಕರಿಬಂಡೆ. ಬಾವಿನೀರಿಗೆ ಸಂಬಂಧಿಸಿ ಹೇಳಬೇಕಾದದ್ದು ಇಷ್ಟು: ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದು ಅದರ ಸುಣ್ಣ, ಸೋಡಿಯಂ, ಪೊಟ್ಯಾಶ್ ಮತ್ತು ಬಹುಪಾಲು ಸಿಲಿಕವನ್ನು ಸಮುದ್ರಕ್ಕೆ ಸಾಗಿಸಿದೆ. ಮೇಲೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡು. ಕೆಳಗೆ ಕಯೊಲಿನ್ ಜೇಡಿ, ಅದೇ ಶೇಡಿ. ಆದ್ದರಿಂದ ಈ ಪದರಗಳ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಪಿಎಚ್ 6ರ ಆಸುಪಾಸು. ಕ್ಷಾರತೆಯೂ ಗಡಸುತನವೂ ಕಡಿಮೆ. ಕರಿಬಂಡೆಯೊಳಗಿನಿಂದ ಬರುವ ಆಳದ ಬೋರಿನ ನೀರಿಗೆ ಈ ಮಾತು ಅಷ್ಟಾಗಿ ಒಪ್ಪದು. ಅದು ಹೆಚ್ಚು ಗಡಸಾಗಿರಬಹುದು.

ತೊಂದರೆಯ ಪದರ ಶೇಡಿ. ಹಳಬರು ಗೋಡೆಗೆ ಬಳಿಯುತ್ತಿದ್ದ, ಅಂಗಳದ ಚಿತ್ತಾರಕ್ಕೆ ಕಲಸುತ್ತಿದ್ದ ಮಣ್ಣು ಇದೇ. ಗೋಡೆಗೆ ಅದನ್ನು ಒಪ್ಪಿಸಿದ ನುಣುಪೇ ನೀರಿನಲ್ಲಿ ಉಪದ್ರವ. ಕಯೊಲಿನ್ ಕಣ ಹೆಚ್ಚಾಗಿ 2 ಮೈಕ್ರಾನಿಗಿಂತ ಚಿಕ್ಕದು. 2 ಮೈಕ್ರಾನಿನ ಕಣ ನಿಂತ ನೀರಿನಲ್ಲಿ ಒಂದೂವರೆ ಮೀಟರ್ ಇಳಿಯಲು ಸುಮಾರು ನಾಲ್ಕು ದಿನ ಬೇಕು. ಗಾತ್ರ ಹತ್ತನೇ ಒಂದಾದರೆ ಕಾಲ ನೂರು ಪಟ್ಟು, ಎಂದರೆ ವರ್ಷಕ್ಕೂ ಮಿಕ್ಕಿ. ಕಣಗಳ ಮೇಲಿನ ಋಣ ವಿದ್ಯುದಂಶ ಅವು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಕೊಳದ ಮರಳು ಫಿಲ್ಟರ್ ಹಿಡಿಯುವುದು 20ರಿಂದ 40 ಮೈಕ್ರಾನಿನ ಮೇಲಿನ ಕಣಗಳನ್ನು. ಫಿಲ್ಟರನ್ನು ಹಗಲು ರಾತ್ರಿ ಓಡಿಸಿದರೂ ಶೇಡಿ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತದೆ. ಉಪ್ಪು ಇಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ನೇತ್ರಾವತಿ ನದಿಯ ಕೆಂಪು ಮಣ್ಣು ಹೊತ್ತ ನೀರು ಅಳಿವೆಯಲ್ಲಿ ಕಡಲಿಗೆ ಬೆರೆತಾಗ ಜೇಡಿ ಮುದ್ದೆಗಟ್ಟಿ ಇಳಿಯುವುದು ಉಪ್ಪಿನ ದೆಸೆಯಿಂದಲೇ. ಕೊಳದ ಉಪ್ಪು ಕಡಲಿನ ಹತ್ತನೇ ಒಂದಕ್ಕಿಂತ ಕಡಿಮೆ. ಅದನ್ನೇ ನೆಚ್ಚಿ ಕೂರುವಂತಿಲ್ಲ.

ಎಲ್ಲ ನೀರೂ ಹೀಗಲ್ಲ. ಬಂಟ್ವಾಳ ತಾಲ್ಲೂಕಿನ ಕೇಪು, ಮಾಣಿಲ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಕೇಪುವಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಒಬ್ಬರೇ ಸುರಂಗ ತೋಡಿ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದ್ದಕ್ಕೆ. ಸುರಂಗದ ನೀರು ಪಂಪಿನ ಸೆಳೆತವಿಲ್ಲದೆ ತಾನಾಗಿ ಒಸರುವಂಥದ್ದು, ಹಾಗಾಗಿ ಸಾಮಾನ್ಯವಾಗಿ ತಿಳಿ. ಬಾವಿಯಲ್ಲಿ ತಳ ಕಾಣುವ ತನಕ ಪಂಪು ಓಡಿಸಿದರೆ ಶೇಡಿ ಕದಡಿ ಮೇಲೆ ಬರುತ್ತದೆ. ಎಪ್ರಿಲ್, ಮೇ ತಿಂಗಳಲ್ಲಿ ರಜೆಯ ಅತಿಥಿಗಳಿಗೆಂದು ಅವಸರದಲ್ಲಿ ಕೊಳ ತುಂಬಿಸುವವರು ಮಾಡುವುದು ಇದನ್ನೇ. ಎರಡು ಗಂಟೆ ಎಳೆದು, ಒರತೆ ಬರುವವರೆಗೆ ಬಿಟ್ಟು, ಮತ್ತೆ ಎಳೆಯುವುದು ಅಗ್ಗದ ಪರಿಹಾರ.

ಎರಡನೆಯ ಅಪರಾಧಿ ಕಬ್ಬಿಣ. ಬೋರಿನಿಂದ ಬರುವಾಗ ನೀರು ತಿಳಿಯಾಗಿರುತ್ತದೆ. ಕಬ್ಬಿಣ ಕರಗಿದ ರೂಪದಲ್ಲಿದೆ. ಕ್ಲೋರಿನ್ ತಾಗಿದ್ದೇ ಅದು ತುಕ್ಕಾಗಿ ಕಂದು ಬಣ್ಣ ತಳೆಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣವಿದ್ದರೂ 50,000 ಲೀಟರಿನ ಕೊಳದಲ್ಲಿ ಸುಮಾರು 95 ಗ್ರಾಂ ತುಕ್ಕಿನ ಪುಡಿ ಹುಟ್ಟುತ್ತದೆ. ಬೆಳಿಗ್ಗೆ ತುಂಬಿಸಿ ಮಧ್ಯಾಹ್ನ ಯಂತ್ರ ಹಾಕಿದ ಕೊಳ ಸಂಜೆಗೆ ಕೆಂಚಗಾದರೆ ಯಂತ್ರವನ್ನು ಬೈದು ಫಲವಿಲ್ಲ. ನೀರನ್ನು ಮೊದಲು ಟ್ಯಾಂಕಿಯಲ್ಲಿ ತುಂತುರಾಗಿ ಬೀಳಿಸಿ, ಚೂರು ಕ್ಲೋರಿನ್ ಹಾಕಿ, ರಾತ್ರಿಯಿಡೀ ನಿಲ್ಲಿಸಿ, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಬಿಡಬೇಕು.

ಕಾರಣ ಗುರುತಿಸುವುದು

ಮೊದಲ ಪ್ರಶ್ನೆ: ಯಾವಾಗ ಕದಡಿತು? ತುಂಬಿಸಿದ ದಿನವೇ ಆದರೆ ಮೂಲದ ನೀರು. ಉಪ್ಪು ಸುರಿದ ದಿನವಾದರೆ ಉಪ್ಪು: 50,000 ಲೀಟರಿಗೆ ಬೇಕಾದ 150 ಕಿಲೋ ಹರಳುಪ್ಪಿನಲ್ಲಿ ಸಾವಿರಕ್ಕೆ ಐದು ಪಾಲು ಮಣ್ಣಿದ್ದರೂ ಮುಕ್ಕಾಲು ಕಿಲೋ ಆಯಿತು. ಒಂದೆರಡು ದಿನದಲ್ಲಿ ಮೆಲ್ಲನೆ ಮಂಕಾಗಿ ಗೋಡೆ ಜಾರತೊಡಗಿದರೆ ಪಾಚಿ.

ಎರಡನೆಯದು ಬಾಟಲಿ ಪರೀಕ್ಷೆ. ಬಣ್ಣವಿಲ್ಲದ ಎರಡು ಬಾಟಲಿಗಳಲ್ಲಿ ಕೊಳದ ನೀರು ಹಿಡಿದು, ಒಂದಕ್ಕೆ ಎರಡು ಚಮಚ ವಿನೆಗರ್ ಹಾಕಿ ಬೆಳಕಿಗೆ ಹಿಡಿಯಬೇಕು. ವಿನೆಗರ್ ಬಿದ್ದದ್ದು ಕೆಲವೇ ನಿಮಿಷದಲ್ಲಿ ತಿಳಿಯಾದರೆ ಸುಣ್ಣ. ಅಕ್ಕಿ ತೊಳೆದ ನೀರಿನಂತೆ ಹಾಗೆಯೇ ಉಳಿದು, ಇನ್ನೊಂದು ಬಾಟಲಿ ಮರುದಿನವೂ ಮಂಕಾಗಿದ್ದರೆ ಶೇಡಿ. ತಳದಲ್ಲಿ ಕಂದು ಗಷ್ಟು ಕೂತರೆ ಕಬ್ಬಿಣ. ನಸುಹಸಿರು ಮೋಡ ತೇಲುತ್ತಲೇ ಇದ್ದು, ಕ್ಲೋರಿನ್ ಪರೀಕ್ಷೆ ಸೊನ್ನೆ ತೋರಿದರೆ ಪಾಚಿ. ಕಬ್ಬಿಣದ ಸಂಶಯವಿದ್ದಲ್ಲಿ ತುಂಬಿಸುವ ಮೊದಲೇ ಬಿಳಿ ಬಕೆಟಿನಲ್ಲಿ ಬೋರಿನ ನೀರು ಹಿಡಿದು ನಾಲ್ಕು ಹನಿ ಕ್ಲೋರಿನ್ ದ್ರಾವಣ ಬಿಟ್ಟು ಒಂದು ಗಂಟೆ ಕಾದರೆ ಸಾಕು.

ಈ ಪರೀಕ್ಷೆಗಳು ಒರಟು. ಎರಡು ಕಾರಣ ಬೆರೆತಿದ್ದರೆ ತಪ್ಪಬಹುದು. ಆದರೂ ಗುರುತಿಸದೆ ಸಿಕ್ಕಿದ ರಾಸಾಯನಿಕವನ್ನೆಲ್ಲ ಸುರಿಯುವುದಕ್ಕಿಂತ ಮೇಲು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿ.ಮೀ. ಮಳೆ ಬಿತ್ತೆನ್ನೋಣ. ಸರಾಸರಿ ಒಂದೂವರೆ ಮೀಟರ್ ಆಳದ ತೆರೆದ ಕೊಳದ ಮೇಲೆ ಇದು ಕೊಳದ ಎರಡು ಪಟ್ಟು ನೀರು. ಉಪ್ಪು ಸೇರಿಸದೆ ಉಕ್ಕಿ ಹೋಗಲು ಬಿಟ್ಟರೆ ಕೊನೆಗೆ ಉಳಿಯುವ ಉಪ್ಪು ಮೊದಲಿನ ಏಳರಲ್ಲೊಂದು. ಹೆಚ್ಚಿನ ಯಂತ್ರಗಳು ಲೀಟರಿಗೆ ಎರಡೂವರೆ ಗ್ರಾಂ ಆಸುಪಾಸಿನಲ್ಲೇ ಕ್ಲೋರಿನ್ ನಿಲ್ಲಿಸಿಬಿಡುತ್ತವೆ. ಆ ಮಟ್ಟ ಮುಟ್ಟಲು ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಜೋರು ಮಳೆಯ ಒಂದು ವಾರ ಸಾಕು. ಕ್ಷಾರತೆಯೂ, ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಸಯನ್ಯೂರಿಕ್ ಆಮ್ಲವೂ ಜೊತೆಗೇ ತೆಳುವಾಗುತ್ತವೆ. ಮೇಲೆ ಗಾಳಿಮಳೆಗೆ ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಮಳೆ ಹೊಳವಾಗಿ ಎರಡು ದಿನ ಬಿಸಿಲು ಬಿದ್ದದ್ದೇ ಪಾಚಿ. ಮಳೆಗಾಲದಲ್ಲಿ ಈಜುವವರಿಲ್ಲದಿದ್ದರೆ ಉಪ್ಪು ಸುರಿಯುತ್ತ ಕೂರುವುದು ದುಂದು. ಯಂತ್ರ ಆರಿಸಿ, ವಾರಕ್ಕೆರಡು ಬಾರಿ ದ್ರವ ಕ್ಲೋರಿನ್ ಹಾಕಿ, ಅಕ್ಟೋಬರಿನಲ್ಲಿ ಉಪ್ಪು ಅಳೆದು ತುಂಬಿದರಾಯಿತು.

ಅಂಗಳದ ಕೆಂಪು ನೀರು ಕೊಳಕ್ಕೆ ನುಗ್ಗದಂತೆ ಸುತ್ತ ಕಣಿ ತೆಗೆಯಬೇಕು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ ಭಾಗದಲ್ಲಿ ಗುಡ್ಡ ಕುಸಿದು ಹೊಳೆಗಳು ಕೆಸರಾದಂಥ ಸಂದರ್ಭದಲ್ಲಿ ಯಾವ ಫಿಲ್ಟರೂ ನಡೆಯದು. ಕೆಸರು ನೀರನ್ನು ಹೊರಹಾಕುವುದೊಂದೇ ದಾರಿ.

ಇಲ್ಲಿಗೇ ಸೇರಿದ ಇನ್ನೊಂದು ವಿಷಯ ಮೈಲುತುತ್ತ, ಎಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಳೆಗಾಲದ ಕೆಲಸ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಈ ರೋಗದ ಕುರಿತು ಅಧ್ಯಯನ ಪ್ರಕಟಿಸಿದ ನಂತರ ಬೇರೂರಿದ ಪದ್ಧತಿ. ತೋಟದ ನಡುವಿನ ಕೊಳಕ್ಕೆ ಆ ಸಿಂಪಡಣೆಯ ಹನಿ ಬೀಳುತ್ತದೆ. ಮನೆಯಲ್ಲಿ ಹೇಗೂ ಇದೆಯಲ್ಲ ಎಂದು ಮೈಲುತುತ್ತವನ್ನೇ ಹಿಡಿಗಟ್ಟಲೆ ಕೊಳಕ್ಕೆ ಎಸೆಯುವುದೂ ಉಂಟು. ತಾಮ್ರಕ್ಕೆ ಪಾಚಿ ಸಾಯುವುದು ನಿಜ. ಆದರೆ ಪಿಎಚ್ ಏರಿದೊಡನೆ ಅದೇ ತಾಮ್ರ ಹಸಿರುನೀಲಿ ಮಂಕಾಗಿ ಬೇರ್ಪಟ್ಟು ಗಾರೆಗೆ ಕಲೆ ಹಿಡಿಸುತ್ತದೆ.

ತಿಳಿಗೊಳಿಸುವುದು

ನೀರು ತಿಳಿಗೊಳಿಸುವ ವಿದ್ಯೆ ಹಳೆಯದು. ಸುಶ್ರುತ ಸಂಹಿತೆ ಕಲುಷ ನೀರಿಗೆ ಏಳು ಸಾಧನಗಳನ್ನು ಹೇಳುತ್ತದೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ. ಇವುಗಳಲ್ಲಿ ಚಿಲ್ಲದ ಬೀಜ ಎಂದೂ ಕರೆಯುವ ಕತಕ ನಿಜಕ್ಕೂ ಜೇಡಿಯನ್ನು ಮುದ್ದೆಗಟ್ಟಿಸುತ್ತದೆ. ಕೊಡಪಾನದ ಒಳಮೈಗೆ ತೇಯ್ದು ನೀರು ತುಂಬುವ ರೂಢಿಯಿತ್ತು. ಮೂಡುಬಿದಿರೆಯ ಜೈನ ಮನೆಗಳಲ್ಲಿ ಬಟ್ಟೆಯಿಂದ ನೀರು ಗಾಳಿಸುವುದು ಅಹಿಂಸೆಯ ವ್ರತ. ಕಣ್ಣಿಗೆ ಕಾಣುವ ಜೀವಿಗಳನ್ನು ಬೇರ್ಪಡಿಸಲು ಅದು ಸಾಕು, ಶೇಡಿಯನ್ನು ತಡೆಯಲು ಸಾಲದು.

ಕೊಳಕ್ಕೆ ಈಗ ಬಳಸುವುದು ಪಟಿಕ, ಅಂಗಡಿಯಲ್ಲಿ ಆಲಂ. ಇದರ ಮೂರು ಧನಾಂಶದ ಅಲ್ಯೂಮಿನಿಯಂ ಉಪ್ಪಿನ ಸೋಡಿಯಂಗಿಂತ ಎಷ್ಟೋ ಪಟ್ಟು ಬಲವಾಗಿ ಕಣಗಳನ್ನು ಕೂಡಿಸುತ್ತದೆ. ಮುರಕಲ್ಲಿನ ನೀರಿನಲ್ಲಿ ಪಟಿಕ ಕೈಕೊಡುವುದುಂಟು. ಕಾರಣ ಕ್ಷಾರತೆಯ ಕೊರತೆ. ಒಂದು ಮಿಲಿಗ್ರಾಂ ಪಟಿಕ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರತೆಯನ್ನು ನುಂಗುತ್ತದೆ. ಅದಿಲ್ಲದಿದ್ದರೆ ಪಿಎಚ್ ಕುಸಿದು ಅಲ್ಯೂಮಿನಿಯಂ ಕರಗಿಯೇ ಉಳಿಯುತ್ತದೆ, ಹತ್ತಿಯಂಥ ಗಡ್ಡೆ ಕಟ್ಟುವುದೇ ಇಲ್ಲ. ಆಗ ಇನ್ನಷ್ಟು ಪಟಿಕ ಸುರಿಯುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸವೂ ಅದೇ. ಮೊದಲು ಅಡುಗೆ ಸೋಡಾ. 1,000 ಲೀಟರಿಗೆ 17 ಗ್ರಾಂ ಹಾಕಿದರೆ ಕ್ಷಾರತೆ ಲೀಟರಿಗೆ 10 ಮಿಲಿಗ್ರಾಂ ಏರುತ್ತದೆ. 50,000 ಲೀಟರಿನ ಕೊಳಕ್ಕೆ 60 ಏರಿಸಲು ಐದು ಕಿಲೋ.

ಬಳಿಕ 1,000 ಲೀಟರಿಗೆ 30ರಿಂದ 50 ಗ್ರಾಂ ಪಟಿಕ. ಅಳತೆ ಸರಿಯೇ ಎಂದು ಬಕೆಟಿನಲ್ಲಿ ನೋಡುವುದು ಜಾಣತನ: 10 ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕದಡಿ, ಅದರ 40 ಮಿ.ಲೀ.ಯನ್ನು 10 ಲೀಟರ್ ಕೊಳದ ನೀರಿಗೆ ಬೆರೆಸಿದರೆ ಲೀಟರಿಗೆ 40 ಮಿಲಿಗ್ರಾಂ ಆಯಿತು. ಅರ್ಧ ಗಂಟೆಯಲ್ಲಿ ಗಡ್ಡೆ ಕಾಣಬೇಕು. ಕೊಳಕ್ಕೆ ಹಾಕುವಾಗ ಉಪ್ಪಿನ ಯಂತ್ರ ಆರಿಸಿ, ಕರಗಿಸಿದ ಪಟಿಕವನ್ನು ಸುತ್ತಲೂ ಹೊಯ್ದು, ಫಿಲ್ಟರನ್ನು ಬದಿಗಿಟ್ಟು ಒಂದೆರಡು ಗಂಟೆ ನೀರು ತಿರುಗಿಸಿ ಪಂಪು ನಿಲ್ಲಿಸಬೇಕು. ಒಂದು ರಾತ್ರಿ, ಕೆಲವೊಮ್ಮೆ ಎರಡು, ಯಾರೂ ಇಳಿಯಬಾರದು. ತಳದಲ್ಲಿ ಕೂತ ಮಡ್ಡಿಯನ್ನು ಸಕ್ಷನ್ ಪೈಪಿನಿಂದ ನಿಧಾನವಾಗಿ ಎಳೆದು, ಫಿಲ್ಟರಿಗೆ ಬಿಡದೆ ನೇರ ಹೊರಗೆ ಕಳಿಸಬೇಕು. ಫಿಲ್ಟರಿಗೆ ಹೋದರೆ ಮರಳು ಮುದ್ದೆಗಟ್ಟುತ್ತದೆ.

ಪಾಚಿಗೆ ಪಟಿಕ ಮದ್ದಲ್ಲ. ಪಿಎಚ್ ಇಳಿಸಿ, ಕ್ಲೋರಿನ್ ಹೆಚ್ಚಿಸಿ, ಗೋಡೆ ಉಜ್ಜಿ, ಸತ್ತ ಪಾಚಿ ಫಿಲ್ಟರಿನಲ್ಲಿ ನಿಲ್ಲುವವರೆಗೆ ಓಡಿಸಬೇಕು.

ಸುಣ್ಣ

ಸುಣ್ಣದ ಬಗ್ಗಡ ಇಲ್ಲಿಯೂ ಉಂಟು. ಅದು ನೀರಿನಿಂದಲ್ಲ, ಹೊಸ ಸಿಮೆಂಟ್ ಗಾರೆಯಿಂದ. ಮೆದುನೀರು ಗಾರೆಯ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ, ಪಿಎಚ್ ಏರಿದಾಗ ಅದೇ ಬೆಳ್ಳಗೆ ಹೊರಬೀಳುತ್ತದೆ. ಇನ್ನೊಂದು ಮೂಲ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್. ಅದರಲ್ಲಿ ಉಪಯೋಗಕ್ಕೆ ಬರುವ ಕ್ಲೋರಿನ್ ಮೂರನೇ ಒಂದರಷ್ಟು. ಕರಗದೆ ಉಳಿಯುವ ಸುಣ್ಣ ಬಹಳ. ಹಾಕುವುದೇ ಆದರೆ ಬಕೆಟಿನಲ್ಲಿ ಕದಡಿಟ್ಟು ಮೇಲಿನ ತಿಳಿಯನ್ನು ಮಾತ್ರ ಹೊಯ್ಯಬೇಕು. ಬ್ಲೀಚಿಂಗ್ ಪೌಡರಿಗೆ ಆಮ್ಲ ತಾಗಿದರೆ ವಿಷಗಾಳಿ ಏಳುತ್ತದೆ.

ಸುರಕ್ಷತೆ, ವಿಸರ್ಜನೆ

ಆಳದ ಕಡೆಯ ತಳ ಸ್ಪಷ್ಟ ಕಾಣದಿದ್ದರೆ ಕೊಳ ಮುಚ್ಚಬೇಕು. ಮಂಕು ನೀರಿನಲ್ಲಿ ಮುಳುಗಿದವರು ದಡದಲ್ಲಿದ್ದವರಿಗೆ ಕಾಣುವುದಿಲ್ಲ. ಕಣಗಳ ಮರೆಯಲ್ಲಿ ರೋಗಾಣುಗಳೂ ಕ್ಲೋರಿನ್ನಿನಿಂದ ತಪ್ಪಿಸಿಕೊಳ್ಳುತ್ತವೆ.

ಫಿಲ್ಟರ್ ತೊಳೆದ ನೀರನ್ನೂ ಮಡ್ಡಿಯನ್ನೂ ಅಡಿಕೆ ಬುಡಕ್ಕೆ ಬಿಡುವುದು ತಪ್ಪು. ಲೀಟರಿಗೆ 3 ಗ್ರಾಂ ಉಪ್ಪು ಅಡಿಕೆಗೆ ಆಗದು. ತೆಂಗು ಒಂದಿಷ್ಟು ತಾಳುತ್ತದೆ, ಅದಕ್ಕೂ ಪದೇಪದೇ ಬೇಡ. ಮುರಕಲ್ಲು ತೂತುಗಳ ಕಲ್ಲಾದ್ದರಿಂದ ಮೇಲೆ ಬಿಟ್ಟದ್ದು ಕೆಳಗಿನ ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ವಿಸರ್ಜನೆಯ ಹೊಂಡ ಸ್ವಂತ ಬಾವಿಗೂ ನೆರೆಮನೆಯ ಬಾವಿಗೂ ಇಳಿಜಾರಿನ ಕೆಳಬದಿಯಲ್ಲಿ, ಸಾಕಷ್ಟು ದೂರದಲ್ಲಿರಬೇಕು. ಕೊಳ ಪೂರ್ತಿ ಖಾಲಿ ಮಾಡಬೇಕಾಗಿ ಬಂದರೆ ಕ್ಲೋರಿನ್ ಹಾಕದೆ ಕೆಲವು ದಿನ ಬಿಸಿಲಿಗೆ ಬಿಟ್ಟು, ಮಳೆಗಾಲದ ತುಂಬು ಹರಿವಿರುವಾಗ ಸ್ವಲ್ಪ ಸ್ವಲ್ಪವಾಗಿ ಬಿಡುವುದು ವಾಸಿ.